ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ‘ಈ ಬಾರಿಯೂ ವಿದ್ಯಾರ್ಥಿನಿಯರದ್ದೇ ಮೇಲುಗೈ’ ಎಂಬ ತಲೆಬರಹ ಇದ್ದೇ ಇರುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಅದನ್ನು ಓದಿ ಖುಷಿಯಾಗುತ್ತದೆ. ಆ ಖುಷಿ ಟಿ.ಸಿ. ಒಯ್ಯಲು ಮಕ್ಕಳು ಶಾಲೆಗೆ ಬರುವ ತನಕ ಮಾತ್ರ. ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿಯನ್ನು ‘ಪಿಯುಸಿಗೆ ಏನು ತಗೊಂಡ್ಯಮ್ಮ?’ ಎಂದು ಕೇಳಿದರೆ ‘ಆರ್ಟ್ಸ್ ಮೇಡಂ, ನಮ್ಮ ಹೋಬಳಿ ಕಾಲೇಜಲ್ಲಿ ಅದೇ ಇರೋದು’ ಎನ್ನುತ್ತಾಳೆ. ಅವಳ ನೋಟ್ಸ್ ನೋಡಿಕೊಂಡು ಪಾಸಾದ ಹುಡುಗ ಪೇಟೆಯ ಕಾಲೇಜಿನಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಕಂಪ್ಯೂಟರ್ ಇರುವ ಪಿಸಿಎಂಸಿ ಸೇರಿರುತ್ತಾನೆ. ಕಲಾ ವಿಭಾಗ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಇತಿಹಾಸ ಇಷ್ಟಪಟ್ಟು ಓದುವ ಹುಡುಗಿ ಅದನ್ನೇ ಓದಲಿ. ಗಣಿತ ಇಷ್ಟಪಟ್ಟವಳು ಯಾಕೆ ಅದನ್ನು ಬಿಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ಜೊತೆಯ ಶಿಕ್ಷಕರ ಮುಂದೆ ಬಿಡಿಸಿ ಇಡುವ ಸಂದರ್ಭ ಒದಗಿದ್ದು ಚಳ್ಳಕೆರೆ ಬಳಿಯ ಕುದಾಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಅಲ್ಲಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ನಮ್ಮಂಥ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಹಗಲೆಲ್ಲ ಪ್ರಯೋಗ, ಲೆಕ್ಕ. ರಾತ್ರಿ ಊಟ ಮುಗಿಸಿ ಹೊರಗೆ ಕೂತರೆ ನಮ್ಮ ನಮ್ಮ ಶಾಲೆಗಳ ಮಾತು. ಯಾರೋ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರ ವಿಷಯ ಎತ್ತಿದರು. ಬಾಂಬೆ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಅವರು 1933ರಲ್ಲಿ ಇದೇ ಸಂಸ್ಥೆಯ ಬೆಂಗಳೂರಿನ ಅಂಗಳಕ್ಕೆ ಬಂದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಮುಂದೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದರು. ‘ಅಂಥ ದೊಡ್ಡ ವಿಜ್ಞಾನಿಗೇ ಹಾಗನ್ನಿಸಿದ್ದರೆ, ನಮಗೆ ಗೊತ್ತಿಲ್ಲದೆ ನಮ್ಮ ತರಗತಿಯಲ್ಲಿ ಏನೇನು ನಡೀತಿರಬಹುದು?’ ಎಂದು ಒಬ್ಬ ಹಿರಿಯ ಮೇಷ್ಟ್ರು ಕೇಳಿದರು. ಊರಿಗೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನು ಕಂಡು ತಿಂಗಳ ಸಮಾಲೋಚನಾ ಸಭೆಯಲ್ಲಿ ಸ್ವಲ್ಪ ಹೊತ್ತು ಕೇಳಿಕೊಂಡೆ. ಭಾಷಣ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ನಮೂದು, ಬಿಸಿಯೂಟ, ಮೊಟ್ಟೆ ಲೆಕ್ಕ, ಚುನಾವಣಾ ಕೆಲಸ ಇವೆಲ್ಲದರ ನಡುವೆ ಪಾಠ ಮಾಡುವ ಶಿಕ್ಷಕರಿಗೆ ‘ಹೆಣ್ಣುಮಕ್ಕಳನ್ನು ಪ್ರೋತ್ಸಾಹಿಸಿ’ ಎಂದು ಮತ್ತೊಬ್ಬರು ಬಂದು ಹೇಳಿದರೆ ತಲೆಯಾಡಿಸಿ ಎದ್ದು ಹೋಗುತ್ತಾರೆ, ಹೋಗಲೇಬೇಕು. ಆ ಗೋಡೆಬರಹ ಎಲ್ಲ ಶಾಲೆಯಲ್ಲೂ ಇದೆ. ನಮಗೆ ಬೇಕಾಗಿದ್ದದ್ದು ನಾಳೆ ಬೆಳಿಗ್ಗೆ ತರಗತಿಯಲ್ಲಿ ಮಾಡಿ ನೋಡಬಹುದಾದ ಕೆಲಸ.

ಮೊದಲು ಎಲ್ಲರಿಗೂ ಬಿಳಿ ಹಾಳೆ ಕೊಟ್ಟು ‘ಒಬ್ಬ ವಿಜ್ಞಾನಿಯ ಚಿತ್ರ ಬಿಡಿಸಿ’ ಎಂದೆವು. ಇದು ಹಳೆಯ ಪರೀಕ್ಷೆ. ಡೇವಿಡ್ ಚೇಂಬರ್ಸ್ ಎಂಬವರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳು ಬಿಡಿಸಿದ ಚಿತ್ರಗಳಲ್ಲಿ ಮಹಿಳಾ ವಿಜ್ಞಾನಿ ಇದ್ದದ್ದು 28ರಲ್ಲಿ ಮಾತ್ರ, ಆ 28ನ್ನೂ ಬಿಡಿಸಿದವರು ಹುಡುಗಿಯರೇ. ನಮ್ಮ ಸಭೆಯಲ್ಲಿ ಗಡ್ಡ, ಕನ್ನಡಕ, ಕೆದರಿದ ಕೂದಲು, ಕೈಯಲ್ಲಿ ಪ್ರನಾಳ. ಸೀರೆ ಉಟ್ಟ ವಿಜ್ಞಾನಿ ಒಬ್ಬರೂ ಇರಲಿಲ್ಲ, ಬಿಡಿಸಿದವರಲ್ಲಿ ಅರ್ಧದಷ್ಟು ಜನ ನಾವೇ ವಿಜ್ಞಾನ ಓದಿದ ಹೆಂಗಸರು. ನಗು ಬಂತು, ಆಮೇಲೆ ನಗು ನಿಂತಿತು. ಮಾತು ಶುರುವಾದದ್ದು ಅಲ್ಲಿಂದ.

ಮುಂದಿನ ಕೆಲಸ ಎಣಿಸುವುದು. ನಮ್ಮ ಶಾಲೆಗಳಲ್ಲಿ ಹುಡುಗರ ಸಾಲು ಒಂದು ಕಡೆ, ಹುಡುಗಿಯರ ಸಾಲು ಇನ್ನೊಂದು ಕಡೆ. ಹಾಗಾಗಿ ಎಣಿಕೆ ಸುಲಭ. ಒಬ್ಬ ಶಿಕ್ಷಕರು ಪಾಠ ಮಾಡುವಾಗ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು, ಆಸನದ ನಕ್ಷೆ ಬರೆದುಕೊಂಡು, ಯಾರಿಗೆ ಪ್ರಶ್ನೆ ಹೋಯಿತೋ ಅಲ್ಲಿ ಗುರುತು ಹಾಕಬೇಕು. ‘ಸೂತ್ರ ಹೇಳು’, ‘ವ್ಯಾಖ್ಯೆ ಹೇಳು’ ಎಂದರೆ ಚುಕ್ಕಿ. ‘ಯಾಕೆ?’, ‘ಹೇಗೆ ಗೊತ್ತಾಯ್ತು?’, ‘ಬೋರ್ಡಿಗೆ ಬಂದು ಮಾಡು’ ಎಂದರೆ ಗುಣಿಸು ಚಿಹ್ನೆ. ಒಂದು ಕಟ್ಟುನಿಟ್ಟಿನ ಕರಾರಿತ್ತು: ಗಂಟೆ ಹೊಡೆದ ಕೂಡಲೇ ಹಾಳೆಯನ್ನು ಪಾಠ ಮಾಡಿದವರ ಕೈಗೇ ಕೊಡಬೇಕು. ಅದರ ನಕಲು ಇರಕೂಡದು, ಬಿಇಒ ಕಚೇರಿಗೆ ಹೋಗಕೂಡದು, ವಾಟ್ಸಾಪ್ ಗುಂಪಿಗಂತೂ ಬರಲೇಕೂಡದು. ಈ ಕರಾರು ಇಲ್ಲದೇ ಹೋಗಿದ್ದರೆ ಯಾರೂ ತಮ್ಮ ತರಗತಿಯ ಬಾಗಿಲು ತೆರೆಯುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ. ಇಂಥ ಕೆಲಸಕ್ಕೆ ಕೈಹಾಕುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಹಾಳೆ ಯಾರಿಗೂ ತೋರಿಸಬೇಕಿಲ್ಲ ಎಂದಿದ್ದರೂ ಶಿಕ್ಷಕರು ತಾವಾಗಿಯೇ ತಂದು ಮೇಜಿನ ಮೇಲೆ ಹರಡಿದರು. ಹುಡುಗಿಯರ ಸಾಲಿನಲ್ಲಿ ಚುಕ್ಕಿಗಳು ಧಾರಾಳವಾಗಿದ್ದವು. ಸೂತ್ರ ಬೇಕಾದಾಗ, ಹಿಂದಿನ ದಿನದ ಪಾಠ ನೆನಪಿಸಬೇಕಾದಾಗ ಎಲ್ಲರೂ ಕೇಳುವುದು ಅವರನ್ನೇ, ಏಕೆಂದರೆ ಅವರು ಓದಿಕೊಂಡು ಬಂದಿರುತ್ತಾರೆ. ಗುಣಿಸು ಚಿಹ್ನೆಗಳು ಮಾತ್ರ ಹುಡುಗರ ಕಡೆ ಗುಂಪುಗಟ್ಟಿದ್ದವು. ಮೇಷ್ಟ್ರುಗಳ ಹಾಳೆಗೂ ಮೇಡಂಗಳ ಹಾಳೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹುಡುಗಿಯರಿಗೆ ಧೈರ್ಯ ಕಡಿಮೆ ಎನ್ನುತ್ತಿದ್ದ ನಾವೆಲ್ಲ, ಧೈರ್ಯ ಬೇಕಾಗುವ ಪ್ರಶ್ನೆ ಅವರ ಬೆಂಚಿನ ತನಕ ಹೋಗಿಯೇ ಇಲ್ಲ ಎಂಬುದನ್ನು ಕಣ್ಣಾರೆ ಕಂಡೆವು.

ಇದಕ್ಕೆ ಮದ್ದು ಹುಡುಕುವಾಗ ಹೆಚ್ಚು ನೆರವಾದದ್ದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿಯ ಕೆಲಸ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಆಕೆ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಕೇಳುವುದಕ್ಕೆ ಸಣ್ಣ ವಿಷಯ. ಮಾಡಿ ನೋಡಿ, ತರಗತಿಯ ಮೌನದಲ್ಲಿ ಮೂರು ಸೆಕೆಂಡ್ ಎಷ್ಟು ಉದ್ದ ಎಂದು ಗೊತ್ತಾಗುತ್ತದೆ. ಮೊದಲ ಬೆಂಚಿನ ಹುಡುಗ ‘ಸಾರ್ ಸಾರ್’ ಎಂದು ಕೈ ಎತ್ತಿ ಕುಣಿಯುತ್ತಿರುತ್ತಾನೆ, ನಮಗೋ ಸಿಲಬಸ್ ಮುಗಿಸುವ ಆತುರ. ಕಾಯಬೇಕು. ಕಾದಾಗ ಮೂರನೇ ಬೆಂಚಿನಿಂದ ಒಂದು ಕೈ ಮೊಣಕೈ ಮಟ್ಟಕ್ಕೆ ಏಳುತ್ತದೆ. ಆ ಅರ್ಧ ಎದ್ದ ಕೈಯನ್ನು ಗುರುತಿಸುವುದನ್ನು ನಾವು ಅಭ್ಯಾಸ ಮಾಡಿಕೊಂಡೆವು.

ವಿಜ್ಞಾನದ ಪ್ರಯೋಗಾಲಯದಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದ ದಿನ ಹತ್ತನೇ ತರಗತಿಗೆ ಓಮ್‌ನ ನಿಯಮ ನಡೆಯುತ್ತಿತ್ತು. ಪ್ರತಿ ಗುಂಪಿನಲ್ಲೂ ಹುಡುಗ ತಂತಿ ಜೋಡಿಸುವುದು, ಹುಡುಗಿ ಪಟ್ಟಿ ಬರೆಯುವುದು, ಅಕ್ಷರ ಚೆನ್ನಾಗಿರುತ್ತದಲ್ಲ! ಆ ದಿನ ಮೇಷ್ಟ್ರು ಕೆಲಸ ಅದಲುಬದಲು ಮಾಡಿದರು. ಒಬ್ಬಳು ಆಮ್ಮೀಟರನ್ನು ಜೋಡಿಸಿ ಸ್ವಿಚ್ ಒತ್ತಿದಳು. ಮುಳ್ಳು ಸೊನ್ನೆಯಿಂದ ಎಡಕ್ಕೆ ಸರಿದು ತಡೆಗೆ ಬಡಿದು ನಿಂತಿತು. ಅವಳು ತಕ್ಷಣ ಸ್ವಿಚ್ ಬಿಟ್ಟು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರ ಕೈ ಸರಿಪಡಿಸಲು ಮುಂದೆ ಬಂತು. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಹಿಂದಿನ ಸಭೆಯಲ್ಲಷ್ಟೇ ಮಾತಾಗಿತ್ತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ‘ಮುಳ್ಳು ಏನು ಹೇಳ್ತಿದೆ?’ ಎಂದು ಕೇಳಿದರು. ಪಕ್ಕದ ಹುಡುಗ ತಂತಿಗೆ ಕೈಹಾಕಲು ಹೋದ, ಮೇಷ್ಟ್ರು ಕಣ್ಣಲ್ಲೇ ತಡೆದರು. ಅವಳು ಕೋಶದಿಂದ ಬೆರಳಿಟ್ಟುಕೊಂಡು ತಂತಿಯನ್ನು ಹಿಂಬಾಲಿಸುತ್ತ ಬಂದಳು. ‘ಸಾರ್, ಕರೆಂಟು ಮೈನಸ್ಸಿಂದ ಒಳಗೆ ಹೋಗ್ತಿದೆ’ ಎಂದು ಎರಡು ತಂತಿ ಬಿಚ್ಚಿ ತಿರುಗಿಸಿ ಸಿಕ್ಕಿಸಿದಳು. ಮುಳ್ಳು ಬಲಕ್ಕೆ ಏರಿತು. ಇಷ್ಟಕ್ಕೆ ಹಿಡಿದ ಹೊತ್ತು ಒಂದೆರಡು ನಿಮಿಷ. ಮೇಷ್ಟ್ರು ಕೈಯಾಡಿಸಿದ್ದರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಆದರೆ ಆ ಎರಡು ತಂತಿ ತಿರುಗಿಸಿದ್ದು ಅವಳ ಕೆಲಸ ಆಗುತ್ತಿರಲಿಲ್ಲ. ಸಹಾಯ ಮಾಡುವ ಹೆಸರಿನಲ್ಲಿ ನಾವು ಹೆಣ್ಣುಮಕ್ಕಳ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತೇವೆ ಎಂಬುದು ಈ ಇಡೀ ಪ್ರಯತ್ನದಲ್ಲಿ ನನಗೆ ಬಲವಾಗಿ ಮನದಟ್ಟಾದ ಸಂಗತಿ.

ಕಂಪ್ಯೂಟರ್ ಲ್ಯಾಬಿನ ಕಥೆ ಇದಕ್ಕಿಂತ ಜಟಿಲ. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಸರ್ಕಾರದ ಟಾಲ್ಪ್ ಯೋಜನೆಯಲ್ಲಿ ಬಂದ ಯಂತ್ರಗಳಿದ್ದವು, ಒಂದೊಂದಕ್ಕೆ ಮೂರು ನಾಲ್ಕು ಮಕ್ಕಳು. ಮೌಸ್ ಹುಡುಗನ ಕೈಯಲ್ಲಿ, ಪಕ್ಕದಲ್ಲಿ ಹುಡುಗಿ ನೋಟ್‌ಬುಕ್ ಹಿಡಿದು. ಅದನ್ನು ಸರಿಪಡಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ: ಹೊತ್ತು ನೋಡಿ ಮೌಸ್ ಕೈ ಬದಲಾಗಲಿ, ಇಲ್ಲವೆ ಹುಡುಗಿಯರಿಗೇ ಪ್ರತ್ಯೇಕ ಯಂತ್ರ ಇರಲಿ. ಎರಡನ್ನೂ ಮಾಡಿದೆವು. ಆದರೆ ಅದರ ಹಿಂದೆ ಇನ್ನೊಂದು ವಿಷಯವಿತ್ತು. ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಸಭೆಯಲ್ಲಿ ಕೇಳಿದಾಗ, ಬಹುತೇಕ ಎಲ್ಲ ಶಾಲೆಯಲ್ಲೂ ಅದು ಒಬ್ಬ ‘ಸರ್’ ಹತ್ತಿರವೇ ಇತ್ತು. ಪ್ರೊಜೆಕ್ಟರ್ ಹತ್ತದಿದ್ದರೆ ಮೇಡಂ ‘ಸ್ವಲ್ಪ ಸರ್‌ನ ಕರ್ಕೊಂಡು ಬಾರೋ’ ಎಂದು ಹುಡುಗನೊಬ್ಬನನ್ನು ಓಡಿಸುತ್ತಾರೆ. ಇಡೀ ತರಗತಿ ಇದನ್ನು ವರ್ಷವಿಡೀ ನೋಡುತ್ತದೆ. ಹೆಣ್ಣುಮಕ್ಕಳು ಕಂಪ್ಯೂಟರಿನ ಬಗ್ಗೆ ಕಲಿಯುವ ಮೊದಲ ಪಾಠ ಅದು, ಯಾವ ಪುಸ್ತಕದಲ್ಲೂ ಇಲ್ಲದ ಪಾಠ.

ಅದಕ್ಕೇ ಮಕ್ಕಳ ಕೋಡಿಂಗ್ ಬದಿಗಿಟ್ಟು ಮೊದಲು ನಾವು ಶಿಕ್ಷಕಿಯರು ಯಂತ್ರ ಬಿಚ್ಚಲು ಕೂತೆವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ. ಪರದೆ ಕಪ್ಪಾಗಿ ಬರೀ ‘ಬೀಪ್ ಬೀಪ್’ ಎನ್ನುತ್ತಿದ್ದ ಒಂದು ಹಳೆಯ ಸಿಪಿಯು ಸಿಕ್ಕಿತು. ಕರೆಂಟ್ ತೆಗೆದು, ಪಕ್ಕದ ತಗಡು ಬಿಚ್ಚಿ, ಒಳಗಿನ ದೂಳು ಬ್ರಷ್‌ನಲ್ಲಿ ಕೊಡವಿ, ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕ್ಲಿಪ್ಪನ್ನು ಒತ್ತಿ ಹೊರತೆಗೆದೆವು. ಅದರ ಬಂಗಾರ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಚೂರು ಊದಿ, ಮತ್ತೆ ‘ಟಕ್’ ಎನ್ನುವ ತನಕ ಒತ್ತಿ ಕೂರಿಸಿದೆವು. ರಿಪೇರಿ ಅಂಗಡಿಯವರೆಲ್ಲ ಮಾಡುವ ಕೆಲಸ ಇದು. ಯಂತ್ರ ಎದ್ದಿತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ‘ಇಷ್ಟೇನಾ!’ ಎಂದರು. ಮುಂದಿನ ವಾರ ಅವರು ಅದನ್ನೇ ಒಂಬತ್ತನೇ ತರಗತಿಯ ಹುಡುಗಿಯರ ಮುಂದೆ ಮಾಡಿ ತೋರಿಸಿದರು. ಬೀಗದ ಕೈ ಈಗ ಅವರ ಪರ್ಸಿನಲ್ಲಿದೆ.

ಆಮೇಲೆ ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಯುವ ಸ್ಕ್ರ್ಯಾಚ್ ಶುರುಮಾಡಿದೆವು. ಅದರ ಪರದೆಯ ಬೆಕ್ಕನ್ನು ಅತ್ತಿತ್ತ ಓಡಾಡಿಸಿ ಮುಗಿದ ಮೇಲೆ, ನಿಮಗೆ ಗೊತ್ತಿರುವ ಆಟವನ್ನೇ ಮಾಡಿ ಎಂದಾಗ ಒಂದು ಗುಂಪಿನ ಹುಡುಗಿಯರು ಚೌಕಾಬಾರ ಆರಿಸಿಕೊಂಡರು. ನಾಲ್ಕು ಕವಡೆ, ಅಂಗಾತ ಬಿದ್ದವನ್ನು ಎಣಿಸುವುದು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅವರು ಯಾದೃಚ್ಛಿಕ ಸಂಖ್ಯೆಯ ಬ್ಲಾಕ್ ಎಳೆದು ತಂದು 1ರಿಂದ 5 ಎಂದು ಕೊಟ್ಟು, 5 ಬಂದರೆ 8 ಎಂದು ತೋರಿಸುವಂತೆ ಮಾಡಿದ್ದರು. ಆಟ ಓಡಿತು, ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬಳು ಮಾತ್ರ ಮುಖ ಸಿಂಡರಿಸಿಕೊಂಡು ನಿಂತಿದ್ದಳು. ‘ಏನಮ್ಮ?’ ಎಂದರೆ, ‘ಮೇಡಂ, ಇದು ಸುಳ್ಳಾಟ. ಎಂಟು ಇಷ್ಟು ಸಲ ಬೀಳೋದೇ ಇಲ್ಲ. ನಮ್ಮಜ್ಜಿ ಎಂಟಕ್ಕೆ ಕಾದು ಕಾದು ಸಾಕಾಗ್ತಾರೆ’ ಎಂದಳು.

ಲ್ಯಾಬಿನಲ್ಲಿದ್ದ ಗಣಿತದ ಮೇಷ್ಟ್ರು, ಹುಡುಗಿಯರಿಗೆ ಕೋಡಿಂಗ್ ಯಾಕೆ, ಪಾಸಾದರೆ ಸಾಕಲ್ಲ ಎಂದು ಅಲ್ಲಿಯ ತನಕ ಹೇಳುತ್ತಿದ್ದವರು. ಅವರು ಎದ್ದು ಬಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. ‘ನಾಲ್ಕು ಕವಡೆ ಎಷ್ಟು ರೀತಿ ಬೀಳಬಹುದು, ಬರಿ.’ ಅವಳು ಅಂಗಾತಕ್ಕೆ ‘ಅ’, ಬೋರಲಿಗೆ ‘ಬೋ’ ಎಂದು ಬರೆಯುತ್ತ ಹೋದಳು. ಒಮ್ಮೆ ತಪ್ಪಿತು, ಅಳಿಸಿದಳು. ಮೇಷ್ಟ್ರು ಕಾದರು. 16 ಬಂತು. ಎರಡು ಬೀಳುವ ಬಗೆ 6, ಒಂದು ಬೀಳುವುದು 4, ಮೂರು ಬೀಳುವುದು 4, ಚೌಕ 1, ಬಾರ 1. ‘ಹದಿನಾರಕ್ಕೆ ಒಂದು ಸಲ ಬರಬೇಕಾದ ಎಂಟನ್ನ ನಾವು ಐದಕ್ಕೊಂದು ಸಲ ಬರೋ ಹಾಗೆ ಮಾಡಿದ್ದೀವಿ’ ಎಂದು ಅವಳೇ ಹೇಳಿದಳು. ಹತ್ತನೇ ತರಗತಿಯ ಸಂಭವನೀಯತೆಯ ಪಾಠ ಇನ್ನೂ ಶುರುವೇ ಆಗಿರಲಿಲ್ಲ. ಗುಂಪು ಕೋಡನ್ನು ತಿದ್ದಿತು: ಒಂದೊಂದು ಕವಡೆಗೂ ಬೇರೆ ಬೇರೆಯಾಗಿ 0 ಅಥವಾ 1, ನಾಲ್ಕನ್ನೂ ಕೂಡಿಸು, ಮೊತ್ತ 0 ಬಂದರೆ 8 ತೋರಿಸು. ಮರುದಿನ ಮನೆಯಿಂದ ನಿಜವಾದ ಕವಡೆ ತಂದು ಎಸೆದು ಪಟ್ಟಿ ಮಾಡಿದರು. ಲೆಕ್ಕಕ್ಕೂ ಕವಡೆಗೂ ಪೂರ್ತಿ ತಾಳೆಯಾಗಲಿಲ್ಲ. ನಾಣ್ಯಕ್ಕೆ ಇರುವಂತೆ ಕವಡೆಗೆ ಎರಡೂ ಮೈ ಸಮ ಇಲ್ಲವಲ್ಲ ಎಂಬ ಚರ್ಚೆ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ. ಆ ಮೇಷ್ಟ್ರು ಅಂದಿನಿಂದ ನಮ್ಮ ಸಭೆಗೆ ಎಲ್ಲರಿಗಿಂತ ಮೊದಲು ಬರುತ್ತಾರೆ.

ಇಲ್ಲೊಂದು ಮಾತು ಹೇಳಬೇಕು. ಹೆಣ್ಣುಮಕ್ಕಳಿಗೆ ಗಣಿತ ಹತ್ತಿರವಾಗಲಿ ಎಂದು ರಂಗೋಲಿ, ಅಡುಗೆ, ಹೊಲಿಗೆಯ ಉದಾಹರಣೆಗಳನ್ನೇ ಕೊಡುವ ರೂಢಿ ತರಬೇತಿಗಳಲ್ಲಿದೆ. ನನಗೆ ಇದು ಒಪ್ಪಿಗೆಯಿಲ್ಲ. ಚುಕ್ಕಿ ರಂಗೋಲಿಯಲ್ಲಿ ಸಮಮಿತಿ ಇದೆ, ಶ್ರೇಢಿ ಇದೆ, ಒಳ್ಳೆಯ ಪಾಠವೇ. ಹಾಗಿದ್ದರೆ ಅದನ್ನು ಹುಡುಗರಿಗೂ ಕೊಡಿ, ಟ್ರ್ಯಾಕ್ಟರಿನ ಗಾಲಿಯ ಸುತ್ತಳತೆ, ಬೋರ್‌ವೆಲ್ ಮೋಟಾರಿನ ಅಶ್ವಶಕ್ತಿ ಹುಡುಗಿಯರಿಗೂ ಬರಲಿ. ಶೇಂಗಾ ಬಿಡಿಸುವ ದಿನಗಳಲ್ಲಿ ನಮ್ಮ ಹುಡುಗಿಯರು ಶಾಲೆ ತಪ್ಪಿಸಿ ಹೊಲದಲ್ಲಿರುತ್ತಾರೆ. ಚೀಲದ ತೂಕ, ಕೂಲಿಯ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.

ನೋಟ್‌ಬುಕ್ ತಿದ್ದುವಾಗಿನ ಮಾತನ್ನೂ ಬದಲಿಸಿಕೊಂಡೆವು. ‘ಗುಡ್’, ‘ಅಂದವಾದ ಬರವಣಿಗೆ’ ಎಂದು ಬರೆಯುವ ಜಾಗದಲ್ಲಿ ‘ಇಲ್ಲಿ ಸಮರೂಪ ತ್ರಿಭುಜ ಹುಡುಕಿದ್ದು ಒಳ್ಳೆಯ ಯೋಚನೆ, ಇನ್ನೊಂದು ದಾರಿಯೂ ಇದೆ, ನೋಡು’ ಎಂದು ಬರೆಯತೊಡಗಿದೆವು. ಮಕ್ಕಳ ಹೊಸ ಐಡಿಯಾಗಳನ್ನು ಆರಿಸುವ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯಿಂದ ಐಡಿಯಾ ಕಳಿಸುವಾಗ ಹುಡುಗಿಯರದ್ದೂ ಇರಬೇಕು, ಆಯ್ಕೆಯಾಗಿ 10,000 ರೂಪಾಯಿ ಬಂದರೆ ಮಾದರಿಯ ಬೆಸುಗೆಯನ್ನು ಅವಳ ಅಣ್ಣ ಮಾಡಿಕೊಡಬಾರದು ಎಂದೂ ಗೊತ್ತುಮಾಡಿಕೊಂಡೆವು. ಗೋಡೆಯ ಮೇಲೆ ಚಂದ್ರಯಾನ-2ನ್ನು ಮುನ್ನಡೆಸಿದ ಎಂ. ವನಿತಾ, ರಿತು ಕರಿಧಾಲ್ ಅವರ ಜೊತೆ ರಾಜೇಶ್ವರಿ ಚಟರ್ಜಿಯವರ ಚಿತ್ರ ಬಂತು. 1922ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಶಿಗನ್‌ನಲ್ಲಿ ಪಿಎಚ್‌.ಡಿ. ಮಾಡಿ, 1953ರಲ್ಲಿ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದವರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್. ಅವರ ಹೆಸರು ನಮ್ಮ ಶಿಕ್ಷಕರಲ್ಲೇ ಹೆಚ್ಚಿನವರಿಗೆ ಹೊಸದು. ಆದರೂ ಚಿತ್ರಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ನಮ್ಮದೇ ಶಾಲೆಯಲ್ಲಿ ಓದಿ ಈಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡುತ್ತಿರುವ ಹುಡುಗಿ ಬಂದು ಕೂತು ಮಾತಾಡಿದ್ದು. ಹಾಸ್ಟೆಲಿನಲ್ಲಿ ಊಟ ಹೇಗೆ, ಇಂಗ್ಲಿಷ್ ಅರ್ಥವಾಗದಿದ್ದರೆ ಏನು ಮಾಡ್ತೀರಿ, ಲ್ಯಾಬಿನಲ್ಲಿ ಶಾಕ್ ಹೊಡೆಯುತ್ತಾ? ನಮ್ಮನ್ನು ಯಾವತ್ತೂ ಕೇಳದ ಪ್ರಶ್ನೆಗಳನ್ನೆಲ್ಲ ಅವಳನ್ನು ಕೇಳಿದರು.

ಕೊನೆಗೂ ಎಲ್ಲ ಬಂದು ನಿಲ್ಲುವುದು ಮನೆಯ ಜಗಲಿಯಲ್ಲಿ. ಶಿಕ್ಷಕರು ಜೋಡಿಯಾಗಿ ಮನೆಗಳಿಗೆ ಹೋಗತೊಡಗಿದೆವು. ‘ಬುದ್ಧಿ ಇದೆ ಅಂತ ನನಗೂ ಗೊತ್ತು ಮೇಡಂ. ಸೈನ್ಸ್ ಕಾಲೇಜು ಒಂಬತ್ತಕ್ಕೆ ಶುರು, ನಮ್ಮೂರಿಗೆ ಬಸ್ಸು ಬರೋದೇ ಒಂಬತ್ತಕ್ಕೆ. ಟಿಕೆಟ್ ಫ್ರೀ ಆಯ್ತು, ಬಸ್ಸು ಬೇಡ್ವಾ?’ ಎಂದರು ಒಬ್ಬ ತಂದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿನ ಮಾತು ನಿಂತಿದೆ, ಹೊತ್ತಿನ ಮಾತು ಉಳಿದಿದೆ. ಪ್ರತಿಭೆ, ಆತ್ಮವಿಶ್ವಾಸ ಎಂದೆಲ್ಲ ಮಾತಾಡುವವರು ಬಸ್ಸಿನ ವೇಳಾಪಟ್ಟಿಯನ್ನೂ ಕೈಯಲ್ಲಿ ಹಿಡಿದಿರಬೇಕು. ಎಸ್‌ಡಿಎಂಸಿಯವರನ್ನು ಕರೆದುಕೊಂಡು ಹೋಗಿ ಬೆಳಗಿನ ಬಸ್ಸಿಗೆ ಮನವಿ ಕೊಟ್ಟಿದ್ದೇವೆ. ಅದು ಇನ್ನೂ ಆಗಿಲ್ಲ, ಮತ್ತೆ ಹೋಗುತ್ತೇವೆ.

ಅಲ್ಲಿಯ ತನಕ ಹಾಸ್ಟೆಲ್ ಸಿಗುವ ಕಡೆ ಡಿಪ್ಲೊಮಾ ಒಂದು ದಾರಿ ಎಂದು ತಿಳಿಸಿ ಹೇಳುತ್ತಿದ್ದೇವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ, ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್. ಇದರ ಜೊತೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ವರ್ಷಕ್ಕೆ 12,000 ರೂಪಾಯಿ ಕೊಡುವ ಎನ್‌ಎಂಎಂಎಸ್, ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ, ಇವೆಲ್ಲವನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಅಂಟಿಸಿದ್ದೇವೆ. ಪ್ರಗತಿಯಲ್ಲಿ ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು.

ಬಸ್ಸಿನ ಮಾತಾಡಿದ್ದ ಆ ತಂದೆ ಮೊನ್ನೆ ಶಾಲೆಗೆ ಬಂದಿದ್ದರು. ದೊಡ್ಡವಳ ಡಿಪ್ಲೊಮಾ ಅರ್ಜಿ ಹಾಕಿ ಬಂದಿದ್ದಾರೆ. ‘ಆ ಐವತ್ತು ಸಾವಿರದ್ದು ಒಬ್ಬಳಿಗೇನಾ ಮೇಡಂ? ಚಿಕ್ಕವಳು ಎಂಟನೇ ಕ್ಲಾಸು, ಅವಳೂ ಲೆಕ್ಕದಲ್ಲಿ ಚುರುಕು’ ಎಂದು ಕೇಳಿದರು. ಒಂದು ಕುಟುಂಬದಲ್ಲಿ ಇಬ್ಬರು ಹೆಣ್ಣುಮಕ್ಕಳ ತನಕ ಅರ್ಜಿ ಹಾಕಬಹುದು ಎಂದು ಹೇಳಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಏನೇನು ಒಯ್ಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಚಿಕ್ಕವಳ ಎನ್‌ಎಂಎಂಎಸ್ ತಯಾರಿಯನ್ನು ಕವಡೆಯ ಲೆಕ್ಕ ಮಾಡಿಸಿದ ಮೇಷ್ಟ್ರು ತಾವೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ.